ಏಣಿ ವಾಪಸ್ ಕೇಳಲು ಬಂದವಳಿಗೆ

...ಏಣಿ ಎಲ್ಲಿಗೂ ಓಡಿ ಹೋಗಲ್ಲ ಕಣೇ, ಅದಕ್ಕೆ ಕಾಲಿದ್ದರೂ ನಡೆಯೋಕೆ ಬರಲ್ಲ. ನೀನು ಮೊದಲು ಕೂತ್ಕೋ. ಅಲ್ಲಲ್ಲ, ಆ ಸ್ಟೂಲ್ ಬೇಡ, ಅದರ ಮೇಲೆ ಗೋಂದು ಚೆಲ್ಲಿದೆ. ಕೂತರೆ ನಿನ್ನನ್ನೂ ರಟ್ಟಿಗೆ ಅಂಟಿಸಿ ಲೈಬ್ರರಿಗೆ ಕಳಿಸಬೇಕಾಗುತ್ತೆ. ಇಲ್ಲಿ ಬಾ, ಕಿಟಕಿ ಪಕ್ಕ. ಆ ಪುಸ್ತಕದ ಕಟ್ಟು ಕೆಳಗಿಡು. ಹಾಂ... ಹಾಗೆ.

ಏನು? ನಾಳೆ ಬೆಳಿಗ್ಗೆ ಬೋರ್ಡ್ ಬರೀಬೇಕಾ? ಔಷಧಿ ಅಂಗಡೀದಾ? ಬರೆಯುವೆಯಂತೆ, ನಾಳೆ ಬೆಳಿಗ್ಗೆ ಆಗೋಕೆ ಇನ್ನೂ ಒಂದು ರಾತ್ರಿ ಇದೆ. ನಿನ್ನ ಹತ್ರ ಇನ್ನೊಂದು ಏಣಿ ಇತ್ತಲ್ಲ? ...ಮೆಟ್ಟಿಲು ಮುರೀತಾ? ನೀನು ಹತ್ತಿದಾಗಲಾ? ...ನಾನು ನಗ್ತಿಲ್ಲಮ್ಮಾ. ಕೆಮ್ಮು. ಈ ಕಾಗದದ ಧೂಳು ನೋಡು, ಕೆಮ್ಮು ಬರುತ್ತೆ.

ಸರಿ ಸರಿ. ತಪ್ಪು ನಂದೇ. ಎರಡು ದಿನಕ್ಕೆ ಅಂತ ಹೇಳಿ ತಂದೆ, ಇಟ್ಕೊಂಡುಬಿಟ್ಟೆ. ಕೆಲಸ ಇತ್ತು ಕಣೇ ಕುಂಚ! ಜೇಡರ ಬಲೆ ತೆಗೀಬೇಕಿತ್ತು. ಈ ಹಳೇ ಮನೆ ಸೂರು ಎಷ್ಟು ಎತ್ತರ ನೋಡು, ಪೊರಕೆಗೆ ಕೋಲು ಕಟ್ಟಿದರೂ ಮುಟ್ಟಲ್ಲ. ಎಲ್ಲಾ ಹೊಡೆದು ಶುದ್ಧ ಮಾಡಿಬಿಟ್ಟೆ, ಈಗ... ಮೇಲೆ ನೋಡಬೇಡ. ನೋಡಬೇಡ ಅಂದರೆ ಯಾಕೆ ನೋಡ್ತೀಯ? ಅದು ಹೊಸ ಜೇಡ. ಹಳೇದನ್ನ ಓಡಿಸಿದ ಮೇಲೆ ಬಾಡಿಗೆಗೆ ಬಂದಿರೋದು. ಯಾಕೆ ನಗ್ತೀಯ? ಜೇಡಕ್ಕೆ ಮನೆ ಬೇಡ್ವಾ?

ಅಲ್ಲೇ ಇದೆಯಲ್ಲ ನಿನ್ನ ಏಣಿ, ಕಿಟಕಿಯಿಂದಲೇ ಕಾಣುತ್ತೆ, ಹಿತ್ತಲ ಗೋಡೆಗೆ ಒರಗಿಸಿದೀನಿ. ...ಹಗ್ಗ? ಹಗ್ಗಕ್ಕೇನಾಗಿದೆ? ನೀನು ಮಡಚಿ, ಎರಡು ಕಾಲೂ ಸೇರಿಸಿ ಕಟ್ಟಿಕೊಟ್ಟ ಹಾಗೇ ಇದೆ. ಗಂಟೂ ನಿಂದೇ. ಅದನ್ನ ಬಿಚ್ಚದೆ ಏಣಿ ಹೇಗೆ ಹತ್ತಿದೆ ಅಂತೀಯಾ... ಬಿಚ್ಚಿದೆ, ಹತ್ತಿದೆ, ಇಳಿದೆ, ಮತ್ತೆ ನಿನ್ನ ಹಾಗೇ ಕಟ್ಟಿದೆ. ಬೈಂಡಿಂಗ್ ಮಾಡೋ ಕೈ ಕಣೇ ಇದು, ಗಂಟು ಹಾಕೋಕೆ ಇದಕ್ಕೆ ಕಲಿಸಬೇಕಾ?

ಕಾಫಿಗೆ ಇಟ್ಟಿದೀನಿ. ಬೇಡ ಅನ್ನಬೇಡ.

ಏನಂದೆ? ಇನ್ನೊಂದು ಸಲ ಹೇಳು. ...'ನಿಮ್ಮಕ್ಕನ ಥರಾ ಆಗಿದೀಯ.' ಹೌದಾ? ಇದನ್ನ ನೀನು ಬೈಗುಳ ಅಂತ ಅಂದೆಯಾ, ಇಲ್ಲಾ... ಪರವಾಗಿಲ್ಲ. ನಾನು ಹೊಗಳಿಕೆ ಅಂತಲೇ ತಗೋತೀನಿ.

ಅಕ್ಕ ಸಾಮಾನು ಕೇಳೋದನ್ನ ನೀನು ನೋಡಿದೀಯಲ್ಲ. ಬಾಗಿಲು ತಟ್ಟೋ ಅಭ್ಯಾಸವೇ ಇರಲಿಲ್ಲ ಅವಳಿಗೆ. ಸೀದಾ ಒಳಗೆ, ಅವರ ಅಡುಗೆಮನೆಗೇ! ಜರಡಿ ಕೈಯಲ್ಲಿ ಹಿಡಿದ ಮೇಲೆ ಮಾತು ಶುರು. 'ಇದನ್ನ ಒಯ್ತಾ ಇದೀನಿ, ನಿಮಗೆ ಹೇಗೂ ಮಧ್ಯಾಹ್ನದವರೆಗೆ ಬೇಡ.' ಅವರಿಗೆ ಬೇಕೋ ಬೇಡವೋ, ಅದನ್ನೂ ಅವಳೇ ತೀರ್ಮಾನ ಮಾಡೋಳು! ಒಂದು ಸಲ ಮದುವೆಗೆ ಹೊರಟು ನಿಂತವರ ಕೈಯಿಂದ ಛತ್ರಿ ತಗೊಂಡು ಬಂದಿದ್ದಳು, 'ಮದುವೆಮನೇಲಿ ನಿಮಗೇನು ಮಳೆ' ಅಂತ. ಅವರೂ ಕೊಟ್ಟರು ನೋಡು! ನಗುತ್ತಾ ಕೊಟ್ಟರು!

ಕೇಳೋದು ಅವಳ ಇಲಾಖೆ, ವಾಪಸ್ ಮುಟ್ಟಿಸೋದು ನನ್ನ ಇಲಾಖೆ. ನಾನು ಆ ಜರಡಿ ತೊಳೆದು, ಒರೆಸಿ, ಬಿಸಿಲಿಗಿಟ್ಟು, ಅಂಚು ಬಿಟ್ಟಿದ್ದರೆ ಅಂಟಿಸಿ, ಸಂಜೆಯೊಳಗೆ ಅವರ ಬಾಗಿಲಲ್ಲಿ ನಿಂತು 'ಕ್ಷಮಿಸಿ, ತಡವಾಯ್ತು' ಅಂತಿದ್ದೆ. ನಮ್ಮ ಮನೆಗೆ ಬಂದ ಸಾಮಾನು ಹೊಸದಾಗಿ ವಾಪಸ್ ಹೋಗುತ್ತೆ ಅಂತ ಬೀದಿಯವರೆಲ್ಲ ಮುರಿದದ್ದನ್ನೇ ಆರಿಸಿ ಕೊಡ್ತಿದ್ದರಂತೆ! ಅಕ್ಕನಿಗೆ ಗೊತ್ತಿತ್ತು. ನನಗೆ ಹೇಳಲಿಲ್ಲ.

ಕೆಲಸವನ್ನೂ ಅವಳೇ ಕೇಳಿ ತರ್ತಿದ್ದಳು. ಲೈಬ್ರರಿಗೆ ಹೋಗಿ 'ನಿಮ್ಮ ಪುಸ್ತಕಗಳೆಲ್ಲ ಚಿಂದಿ ಆಗಿವೆ, ನಾಚಿಕೆ ಆಗಲ್ವಾ' ಅನ್ನೋಳು. ಅವರು ನಾಚಿಕೊಂಡು ಕಟ್ಟು ಕಟ್ಟು ಕಳಿಸೋರು. ನಾನು ಇಲ್ಲಿ ಕೂತು ಹೊಲೀತಿದ್ದೆ. ನನಗೆ ಬೀದಿಯೇ ಬೇಕಿರಲಿಲ್ಲ ನೋಡು. ಅವಳು ಹೊರಗೆ, ನಾನು ಒಳಗೆ.

ಅವತ್ತೂ ಹಾಗೇ... ಎಲ್ಲಿಂದಲೋ ಬಂದಳು, ಚಪ್ಪಲಿ ಬಿಟ್ಟಳು, ಈ ಗೋಡೆಗೆ ಒರಗಿ ಕೂತು 'ನೀರು ಕೊಡೇ' ಅಂದಳು. ಊರಿಗೆಲ್ಲ ಕೈ ಚಾಚಿದವಳು, ನನ್ನ ಹತ್ರ ಕೇಳಿದ್ದು ಅಷ್ಟು. ನಾನು ಲೋಟ ತೊಳೀತಾ ನಿಂತೆ. ಲೋಟ ಚೊಕ್ಕವಾಗೇ ಇತ್ತು... ನೀರು ತರೋ ಹೊತ್ತಿಗೆ...

ಬಿಡು. ನಿನಗೆ ಗೊತ್ತಿರೋದೇ. ಸಕ್ಕರೆ ಒಂದು ಚಮಚ ಸಾಕಾ? ಮೊದಲೆಲ್ಲ ಎರಡು ಹಾಕೋಳು ನೀನು. ಯಾಕೆ, ಏಣಿ ಮುರಿದ ಮೇಲೆ ಬುದ್ಧಿ ಬಂತಾ?

ಹೊಡೀಬೇಡ, ಕಾಫಿ ಚೆಲ್ಲುತ್ತೆ!

ನಿಜ ಹೇಳ್ತೀನಿ ಕೇಳು. ಕೇಳೋದು ಅಂದರೆ ಏನು ಅಂತ ನನಗೆ ಈ ವಯಸ್ಸಲ್ಲಿ ಗೊತ್ತಾಯ್ತು. ಅದೊಂದು ಕೂಲಿ ಕೆಲಸ ಕಣೇ! ಮೈಯೆಲ್ಲ ನೋಯುತ್ತೆ. ಮೊದಲು ಕನ್ನಡಿ ಮುಂದೆ ನಿಂತು ಅಭ್ಯಾಸ. 'ಸ್ವಲ್ಪ ತೊಂದರೆ ಕೊಡಬೇಕಿತ್ತು...' ಛೆ, ಅದು ಬೇಡ, ಸಾವಿನ ಸುದ್ದಿ ಹೇಳೋಕೆ ಬಂದ ಹಾಗಿದೆ. 'ನಿಮ್ಮ ಹತ್ರ ಒಂದು ಡ್ರಿಲ್ಲು ಇತ್ತಲ್ವಾ...' ಅದೂ ಬೇಡ, ಪೊಲೀಸರು ಕೇಳಿದ ಹಾಗಿದೆ. ಕೊನೆಗೆ ಒಂದು ಮಾತು ಗಟ್ಟಿ ಮಾಡ್ಕೊಂಡು ಹೊರಟರೆ, ಅವರ ಮನೆ ಬಂದ ತಕ್ಷಣ ಕಾಲು ತಾನೇ ಮುಂದೆ ಹೋಗಿಬಿಡುತ್ತೆ. ಮೂಲೆವರೆಗೆ ಹೋಗಿ, ತಿರುಗಿ, ಮತ್ತೆ ಮುಂದೆ ಹೋಗಿ... ಬಡಗಿಯಣ್ಣನ ಬೀದಿ ನಾಯಿಗೂ ನನ್ನ ಮೇಲೆ ಅನುಮಾನ ಬಂತು.

ಒಳಗೆ ಹೋದ ಮೇಲೆ ನೇರವಾಗಿ ಕೇಳೋಕಾಗುತ್ತಾ? ಇಲ್ಲ. ಮೊದಲು ಅವರ ಗಿಡ ಚೆನ್ನಾಗಿದೆ ಅನ್ನಬೇಕು. ಆಮೇಲೆ ಮೊಮ್ಮಗು. ಆಮೇಲೆ ಪರದೆ. ಗಂಟಲು ಒಣಗಿರುತ್ತೆ, ನೀರು ಕೇಳೋಕೂ ಸಂಕೋಚ, ಒಂದೇ ಸಲ ಎರಡೆರಡು ಕೇಳಿದ ಹಾಗಾಗುತ್ತಲ್ಲ!

ಆಮೇಲೆ ಕೇಳ್ತೀನಿ. ಕೇಳಿದ ಮೇಲೆ... ಇದನ್ನ ನೀನು ಗಮನಿಸಿದೀಯೋ ಇಲ್ಲವೋ... ಅವರು 'ಅಯ್ಯೋ, ಅದಕ್ಕೇನಂತೆ' ಅಂತಾರೆ. ಎಲ್ಲರೂ ಹಾಗೇ ಅಂತಾರೆ, ಒಳ್ಳೆಯವರು. ಆದರೆ ನಾನು ಕೇಳಿದ್ದಕ್ಕೂ ಅವರು ಹಾಗೆ ಅನ್ನೋದಕ್ಕೂ ನಡುವೆ ಒಂದು ಉಸಿರು ಇರುತ್ತೆ. ಒಂದೇ ಉಸಿರು. ಅಷ್ಟರಲ್ಲಿ ಅವರ ಕಣ್ಣು ಒಂದು ಸಲ ಒಳಗೆ ಹೋಗಿ ಬರುತ್ತೆ. ಆ ಉಸಿರು ಇದೆಯಲ್ಲ, ಅದನ್ನ ನಾನು ಮನೆಗೆ ಹೊತ್ತುಕೊಂಡು ಬರಬೇಕು. ಡ್ರಿಲ್ಲಿಗಿಂತ ಭಾರ.

ಅದಾದ ಮೇಲೆ ಅವರ ಎಲ್ಲಾ ಜೋಕಿಗೂ ನಗಬೇಕು. ಅದೂ ಜೋರಾಗಿ! ಬಡಗಿಯಣ್ಣ ಒಂದೇ ಜೋಕು ಪ್ರತಿ ಸಲ ಹೇಳ್ತಾನೆ, ಕಿಟಕಿ ಅಂತ ಮಾಡಿ ಬಾಗಿಲಾದ ಕತೆ. ಮೊದಲು ಅದನ್ನ ಕೇಳಿ ನಾನು ಮುಖ ತಿರುಗಿಸ್ತಿದ್ದೆ. ಈಗ ಹೊಟ್ಟೆ ಹಿಡ್ಕೊಂಡು ನಗ್ತೀನಿ. ಹಂಗು ಕಣೇ, ಹಂಗು! ದವಡೆ ನೋಯುತ್ತೆ.

ಇನ್ನೊಂದು. ಮೊದಲು ನಾನು ಹೋದರೆ 'ಬನ್ನಿ ಬನ್ನಿ' ಅಂತಿದ್ದರು. ಈಗ 'ಏನು ಬಂದಿರಿ?' ಅಂತಾರೆ. ಸಿಟ್ಟಿಲ್ಲ, ನಗುತ್ತಲೇ ಅಂತಾರೆ. ಆದರೆ ಬನ್ನಿ ಅನ್ನೋದು ಹೋಯ್ತು.

ನೀನಾ? ನಿನ್ನ ವಿಷಯ ಬೇರೆ. ನಾನು ಏಣಿ ಕೇಳೋಕೆ ಬಂದಾಗ ನೀನು ಯಾವುದೋ ಹೋಟೆಲಿನ ಬೋರ್ಡಿಗೆ ಕೆಂಪು ಬಳೀತಿದ್ದೆ. ನಾನು 'ಅಕ್ಷರ ಎಷ್ಟು ದುಂಡಗೆ ಬಂದಿದೆ' ಅಂತ ಶುರು ಮಾಡಿದೆ, ನೀನು ತಿರುಗಿಯೂ ನೋಡದೆ 'ಏನು ಬೇಕು, ಬೊಗಳು' ಅಂದೆ! ಉಸಿರೂ ಇಲ್ಲ, ಏನೂ ಇಲ್ಲ. ಏಣಿ ಅಂದೆ. ನೀನು 'ತಗೊಂಡು ತೊಲಗು' ಅಂದೆ. ದಾರಿಯುದ್ದಕ್ಕೂ ಏಣಿ ಹೂವಿನಷ್ಟು ಹಗುರ ಇತ್ತು ನೋಡು.

'ಕುಂಚಕ್ಕೆ ಮರ್ಯಾದೆ ಅನ್ನೋದೇ ಇಲ್ಲ, ಅದಕ್ಕೇ ಅವಳಂದ್ರೆ ನನಗಿಷ್ಟ' ಅಂತಿದ್ದಳು ಅಕ್ಕ.

ಏನು ನೋಡ್ತಿದೀಯ ಅಲ್ಲಿ? ...ಓ ಅದಾ. ಗ್ಲೋಬು. ಭೂಗೋಳದ ಮೇಷ್ಟ್ರದ್ದು. ಹಿಂದಿನ ಬೀದಿಯವರು, ರಿಟೈರಾದವರು. ...ಯಾಕೆ ಅಂದರೆ? ಬೇಕಿತ್ತು. ಮನುಷ್ಯರಿಗೆ ಗ್ಲೋಬು ಬೇಕಾಗಲ್ವಾ? ಇಲ್ಲಿಂದ ಸೀದಾ ಕೆಳಗೆ ತೂತು ಕೊರೆದರೆ ಯಾವ ದೇಶ ಬರುತ್ತೆ ಅಂತ ನೋಡೋಣ ಅನ್ನಿಸ್ತು... ಸಮುದ್ರ ಬಂತು. ಅದಕ್ಕೇ ಡ್ರಿಲ್ಲು ಉಪಯೋಗಿಸಲಿಲ್ಲ.

ಹಾಗೆ ಕಣ್ಣು ಸಣ್ಣ ಮಾಡ್ಕೊಂಡು ನೋಡಬೇಡ ಕುಂಚ, ಭಯ ಆಗುತ್ತೆ. ...ಇಲ್ಲ, ನನಗೆ ತಲೆ ಕೆಟ್ಟಿಲ್ಲ. ...ಹೌದು, ಏಣಿ ಹತ್ತಲೇ ಇಲ್ಲ. ಗಂಟು ನಿಂದೇ. ಆಯ್ತಾ? ಗೆದ್ದೆಯಾ?

ಸರಿ, ಹೇಳಿಬಿಡ್ತೀನಿ. ಆದರೆ ಬಯ್ಯಬಾರದು, ಯಾರಿಗೂ ಹೇಳಬಾರದು. ನೀನು ಬೋರ್ಡ್ ಬರೆಯೋಳು ಬೇರೆ, ಎಲ್ಲಾದರೂ ದೊಡ್ಡದಾಗಿ ಬರೆದು ತೂಗುಹಾಕಿಬಿಡ್ತೀಯ!

ಅವತ್ತು ಏನೂ ವಿಶೇಷ ದಿನ ಅಲ್ಲ. ಗೋಂದು ಒಲೆ ಮೇಲಿತ್ತು, ನಾನು ಒಂದು ಡಿಕ್ಷನರಿ ಹೊಲೀತಿದ್ದೆ. ಅಕ್ಕ ಹೋದಾಗ ಬಂದವರಿಗೆ ಕೂರೋಕೆ ಅಂತ ಟೈಲರ್ ತನ್ನ ಅಂಗಡಿ ಕುರ್ಚಿ ಕೊಟ್ಟಿದ್ದ ನೋಡು, ಮಡಚೋ ಕುರ್ಚಿ, ಅವು ಇಲ್ಲೇ ಗೋಡೆಗೆ ಒರಗಿಕೊಂಡಿದ್ದವು. ಬಂದವರೆಲ್ಲ ಹೋಗಿ ಎಷ್ಟೋ ದಿನ ಆಗಿತ್ತು. ಅಕ್ಕ ತಂದಿಟ್ಟಿದ್ದ ಮಿಕ್ಕ ಸಾಮಾನೆಲ್ಲ ಆಗಲೇ ವಾಪಸ್ ಕೊಟ್ಟು ಬಂದಿದ್ದೆ. ಜರಡಿ, ಸುತ್ತಿಗೆ, ಯಾರದೋ ಟಾರ್ಚು. ಕೊಡೋಕೆ ಹೋದರೆ ಏನಾಗುತ್ತೆ ಗೊತ್ತಾ? 'ಅಯ್ಯೋ, ನೀವ್ಯಾಕೆ ಬರೋಕೆ ಹೋದಿರಿ, ಈ ಸಮಯದಲ್ಲಿ' ಅಂತಾರೆ. ಕೈಯಿಂದ ತಗೋತಾರೆ. ಬಾಗಿಲು ಹಾಕ್ಕೋತಾರೆ. ಮೆತ್ತಗೆ, ಸದ್ದಾಗದ ಹಾಗೆ ಹಾಕ್ಕೋತಾರೆ. ಎಲ್ಲಾ ಬಾಗಿಲಲ್ಲೇ ಮುಗಿದುಹೋಗುತ್ತೆ.

ಕುರ್ಚಿ ಮಾತ್ರ ಭಾರ, ಒಬ್ಬಳಿಗೆ ಹೊರೋಕಾಗಲಿಲ್ಲ. ಅವತ್ತು ಟೈಲರ್ ತಾನೇ ಬಂದ. 'ಅಂಗಡಿಗೆ ಬೇಕಿತ್ತು' ಅಂದ. ತಗೊಂಡು ಹೋಗು ಅಂದೆ. ಒಂದನ್ನ ಬಿಡಿಸಿ ನೋಡಿದ, ಸರಿಯಾಗಿದೆಯಾ ಅಂತ. ನೋಡಿದವನು ಅದರ ಮೇಲೆ ಕೂತ. ಕೂತವನು ಮಾತಾಡಿದ! ಈಗಿನವರಿಗೆ ಕಾಲರ್ ಹಾಕೋಕೇ ಬರಲ್ಲ, ಅಂಟಿಸ್ತಾರೆ ಅಂದ. ಅಂಟಿಸೋದರಲ್ಲಿ ತಪ್ಪೇನು ಅಂತ ನಾನು ಜಗಳಕ್ಕೇ ಹೋದೆ. ಹೆಂಡತಿ ಗೊರಕೆ ಹೊಡೀತಾಳೆ ಅಂದ. ತಾನು ಹೊಡೆಯೋದು ಅವನಿಗೇನು ಗೊತ್ತು! ಅಕ್ಕ ಅವನ ಅಳತೆ ಟೇಪು ಒಯ್ದು ಬಟ್ಟೆ ಒಣಗಿಸೋಕೆ ಕಟ್ಟಿದ್ದ ಕತೆ ಹೇಳಿದ. ಇಬ್ಬರೂ ನಕ್ಕೆವು. ನಗ್ತಾ ನಗ್ತಾ ಏನೋ ವಾಸನೆ... ಗೋಂದು ಸೀದು ಕರಕಲಾಗಿತ್ತು. ಎಷ್ಟು ಹೊತ್ತಾಯ್ತು ಅಂತಲೇ ನನಗೆ ಗೊತ್ತಾಗಿರಲಿಲ್ಲ, ಕುಂಚ.

ಆ ಸೀದ ಪಾತ್ರೆ ಉಜ್ಜುತ್ತಾ ನನಗೊಂದು ಉಪಾಯ ಹೊಳೆಯಿತು. ಕೊಡೋಕೆ ಹೋದರೆ ಬಾಗಿಲಲ್ಲಿ ಮುಗಿಯುತ್ತೆ. ಅವರೇ ಕೇಳೋಕೆ ಬಂದರೆ ಒಳಗೆ ಬರ್ತಾರೆ!

...ನಗು. ನಗು. ಬಿದ್ದು ಬಿದ್ದು ನಗು. ಬುದ್ಧಿ ಹೇಗಿದೆ ನಂದು? ಅಕ್ಕನಿಗೂ ಹೊಳೆದಿರಲಿಲ್ಲ ಇದು!

ಅದಕ್ಕೂ ಲೆಕ್ಕಾಚಾರ ಬೇಕು ಕಣೇ, ಸುಮ್ಮನೆ ಅಲ್ಲ. ಜರಡಿ ಗಿರಡಿ ತರಬಾರದು, ಮಕ್ಕಳನ್ನ ಕಳಿಸಿ ತರಿಸಿಕೊಂಡುಬಿಡ್ತಾರೆ. ಭಾರ ಇರಬೇಕು. ನಾಜೂಕೂ ಇರಬೇಕು, ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರಬಾರದು. ಅವರಿಗೆ ಇವತ್ತು ಬೇಡವಾಗಿರಬೇಕು, ಸ್ವಲ್ಪ ದಿನ ಬಿಟ್ಟು ಬೇಕೇಬೇಕು ಅನ್ನೋ ಹಾಗಿರಬೇಕು. ಇನ್ನು ತಂದದ್ದನ್ನ ಬಾಗಿಲ ಹತ್ರ ಇಡಬಾರದು! ನಿನ್ನ ಏಣಿ ಹಿತ್ತಲಿಗೆ ಯಾಕೆ ಹೋಯ್ತು ಅಂದ್ಕೊಂಡೆ? ಹಿತ್ತಲಿಗೆ ಹೋಗಬೇಕಾದರೆ ಹಜಾರ ದಾಟಬೇಕು, ಅಡುಗೆಮನೆ ದಾಟಬೇಕು. ಅಷ್ಟು ದಾಟೋದರೊಳಗೆ ಕಾಫಿ ಕುದಿಯುತ್ತೆ. ನೀನೇ ನೋಡು, ಎಲ್ಲಿದೀಯ ಈಗ? ಕೂತು, ಲೋಟ ಹಿಡಿದು, ಹಲ್ಲು ಬಿಡ್ತಿದೀಯ!

ಏನು? 'ಇಷ್ಟೆಲ್ಲ ಯಾಕೆ, ಬಾ ಅಂತ ಕರೆದರೆ ಆಗ್ತಿರಲಿಲ್ವಾ?'

ಹೇಗೆ ಕರೀಲಿ? ಗ್ಲೋಬು ಕೊಡಿ ಅಂತ ಕೇಳಬಹುದು. 'ನಮ್ಮ ಮನೇಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿರ್ತೀರಾ' ಅಂತ ಯಾವ ಬಾಯಲ್ಲಿ ಕೇಳ್ತಾರೆ? ಗ್ಲೋಬು ಕೇಳಿದಾಗ ಮೇಷ್ಟ್ರು ಆ ಒಂದು ಉಸಿರು ತಗೊಂಡರೆ ತಗೊಳ್ಳಲಿ, ಅದು ಗ್ಲೋಬಿಗೆ. ಇದನ್ನ ಕೇಳಿದಾಗ ತಗೊಂಡರೆ... ಅದನ್ನ ಹೊತ್ತುಕೊಂಡು ನಾನು ಬೀದಿ ದಾಟಲಾರೆ ಕಣೇ.

ಅಯ್ಯೋ, ನೀನ್ಯಾಕೆ ತಲೆ ತಗ್ಗಿಸ್ತೀಯ? ನೀನು ಬರಲಿಲ್ಲ ಅಂತ ನಾನು ಅಂದೆನಾ? ನಿನಗೆ ಬೋರ್ಡು, ಅಂಗಡಿ, ಏಣಿ ಮುರಿಯೋದು, ಎಷ್ಟು ಕೆಲಸ!

ಕೆಲಸ ಮಾಡ್ತಾ ಅಂತ ಕೇಳ್ತೀಯಾ ನನ್ನ ಉಪಾಯ? ಮಾಡದೆ! ಜಾತ್ರೆ ಕಣೇ ಇಲ್ಲಿ, ಜಾತ್ರೆ! ಭಾನುವಾರ ನರ್ಸಮ್ಮ ಬಂದಿದ್ದಳು. ಆಸ್ಪತ್ರೆ ಹಿಂದಿನ ಮನೆಯವಳು, ಅಕ್ಕನ ಸ್ನೇಹಿತೆ. ನೀನು ಕೂತಿದೀಯಲ್ಲ, ಅಲ್ಲೇ ಕೂತಳು. ಅಳಿಯ ಸ್ನಾನಕ್ಕೆ ಹೋದರೆ ಬರೋದೇ ಇಲ್ಲವಂತೆ, ಒಳಗೆ ಹಾಡ್ತಾನಂತೆ, ಅದೂ ಹೆಣ್ಣು ದನಿಯಲ್ಲಿ! ಹೊತ್ತು ಮುಳುಗೋವರೆಗೂ ಎದ್ದೇ ಹೋಗಲಿಲ್ಲ. ಬಡಗಿಯಣ್ಣನೂ ಬಂದಿದ್ದ. ಅದೇ ಜೋಕು. ನಾನು ನಗೋಕೆ ಮುಂಚೆ ಅವನೇ ನಕ್ಕ. ಹೋಗುವಾಗ ಆ ಬಾಗಿಲು ಕಿರುಗುಟ್ಟುತ್ತೆ ಅಂತ ಎಣ್ಣೆ ಹಾಕಿ ಹೋದ. ಮೇಷ್ಟ್ರಂತೂ ಗ್ಲೋಬು ತಿರುಗಿಸ್ತಾ ತಿರುಗಿಸ್ತಾ, ತಾವು ನೋಡಬೇಕು ಅಂದ್ಕೊಂಡು ನೋಡದೇ ಹೋದ ಊರುಗಳನ್ನೆಲ್ಲ ಬೆರಳಿಟ್ಟು ತೋರಿಸಿದರು. ಎಷ್ಟು ಜನ, ಎಷ್ಟು ಜನ! ಬೈಂಡಿಂಗ್ ಮಾಡೋಕೇ ಪುರುಸೊತ್ತಿಲ್ಲ ನನಗೆ. ಲೈಬ್ರರಿಯವರು ಬಯ್ತಿದಾರೆ.

ಎಲ್ಲಿಗೆ ಎದ್ದೆ? ಲೋಟ ಅಲ್ಲೇ ಇಡು, ನಾನು ತೊಳೀತೀನಿ. ಅಡುಗೆಮನೆ ಆ ಕಡೆ. ಅದು ಅಕ್ಕನ ಕೋಣೆ, ಅಲ್ಲಿ... ಬಾಗಿಲು ತಳ್ಳಿದರೆ... ಹೌದು, ಕಿರುಗುಟ್ಟುತ್ತೆ. ಎಣ್ಣೆ... ಎಣ್ಣೆ ಒಣಗಿಹೋಗಿರಬೇಕು.

ಅದಾ? ತೂಕದ ಮೆಷಿನ್ನು. ನರ್ಸಮ್ಮಂದು. ...ಬಂದಿದ್ದಳು ಅಂದೆನಲ್ಲ. ಬಂದಿದ್ದಳು, ಮಾತಿನ ಭರದಲ್ಲಿ ತಗೊಂಡು ಹೋಗೋದು ಮರೆತಳು. ಅಳಿಯನ ಚಿಂತೆ ಅವಳಿಗೆ.

ಡ್ರಿಲ್ಲು ಕೂಡಾ ಹಾಗೇ. ಡಬ್ಬಕ್ಕೆ ಅವನು ಅಂಟಿಸಿದ ಟೇಪು ಇನ್ನೂ ಬಿಚ್ಚಿಲ್ಲ, ಹೌದು. ಬಡಗಿಯಣ್ಣ ಎಣ್ಣೆ ಹಾಕೋ ಗಡಿಬಿಡಿಯಲ್ಲಿ... ಗ್ಲೋಬು ಮೇಷ್ಟ್ರೇ ಇಲ್ಲೇ ಇರಲಿ ಅಂದರು. ಅವರಿಗೆ ವಯಸ್ಸಾಯ್ತಲ್ಲ, ಹೊರೋಕಾಗಲ್ಲ, ಅದಕ್ಕೆ...

ಕುಂಚ.

ಏನಾದರೂ ಅನ್ನು. ಎಲ್ಲರೂ ಒಟ್ಟಿಗೆ ಹೇಗೇ ಮರೀತಾರೆ ಅಂತ ಕೇಳು. ಬೊಗಳು ಅನ್ನು. ಹಾಗೆ ಆ ಮೆಷಿನ್ನಿನ ಮೇಲೆ ಕೈಯಿಟ್ಟು ನಿಂತರೆ ನಾನು ಏನಂತ ಹೇಳಲಿ? ನಗೋದಾದರೂ ನಗು, ನಗೋ ವಿಷಯ ಅಲ್ವಾ ಇದು...

ಫೋನ್ ಮಾಡಿದ್ದರು. ಅದು ಸುಳ್ಳಲ್ಲ. ನರ್ಸಮ್ಮ ಮಾಡಿದಳು, ಬಡಗಿಯಣ್ಣ ಮಾಡಿದ. ಬೇರೆ ಡ್ರಿಲ್ಲು ಬಾಡಿಗೆಗೆ ತಂದಿದ್ದಾನಂತೆ, ಪಾಪ. 'ನಿಧಾನವಾಗಿ ಕೊಡಿ, ಇಂಥ ಹೊತ್ತಲ್ಲಿ ನಿಮಗೆ ತೊಂದರೆ ಕೊಡಬಾರದು' ಅಂದರು. ಎಲ್ಲರೂ ಅದನ್ನೇ ಅಂದರು. ತುಂಬಾ ಒಳ್ಳೆಯವರು ಕಣೇ. ವಾಪಸ್ ಕೇಳೋಕೆ ಅವರಿಗೆ ಮನಸ್ಸೇ ಬರಲಿಲ್ಲ.

...

ಟೈಲರ್ ಕುರ್ಚಿ ಒಯ್ದ ಮೇಲೆ ಈ ಮನೆಯೊಳಕ್ಕೆ ಬಂದವಳು ನೀನೊಬ್ಬಳೇ.